ಬ್ಯಾಟರಿ ಇಳಿಯಿತೆಂದು ಬೀಗ ತೆಗೆಯಬೇಡಿ

ಪ್ರಿಯ ಗೆಳೆಯರೇ, ನಮಸ್ಕಾರ.

ವೈರ್‌ಲೆಸ್ ಸೆನ್ಸರ್ ಜಾಲಗಳ ಹೊಂದಿಕೊಳ್ಳುವ ಭದ್ರತೆ (ಸಂದರ್ಭಕ್ಕೆ ತಕ್ಕಂತೆ ಏರುವ, ಇಳಿಯುವ ಭದ್ರತೆ) ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ನಿಮಗೆ ವಿಷಯ ಗೊತ್ತಿದೆ, ಅದನ್ನು ಕನ್ನಡದಲ್ಲಿ ಹೇಳುವ ಆಸೆಯೂ ಇದೆ.

ಮೊದಲ ಎರಡು ಪುಟ ಪೂರ್ತಿ ತೆಗೆಯಿರಿ. ‘ಸೀಮಿತ ಸಂಪನ್ಮೂಲ’ ಎಂದು ಮತ್ತೆ ಮತ್ತೆ ಬರೆದಿದ್ದೀರಿ, ಒಮ್ಮೆಯೂ ಅದು ಕಣ್ಣಿಗೆ ಕಟ್ಟುವುದಿಲ್ಲ. ನೀವು ಒಂದೇ ಸಾಲಿನಲ್ಲಿ ಮುಗಿಸಿದ ಗ್ರೇಟ್ ಡಕ್ ದ್ವೀಪದಿಂದಲೇ ಶುರು ಮಾಡಿ. 2002ರಲ್ಲಿ ಅಮೆರಿಕದ ಮೇನ್ ರಾಜ್ಯದ ಆ ದ್ವೀಪದಲ್ಲಿ, ಪೆಟ್ರೆಲ್ ಹಕ್ಕಿಗಳ ಬಿಲಗಳ ಒಳಗೂ ಸುತ್ತಲೂ 32 ನೋಡ್ ಇಟ್ಟರು. ನೋಡ್ ಅಂದರೆ ಸುತ್ತಲಿನ ಉಷ್ಣಾಂಶದಂಥದ್ದನ್ನು ಅಳೆದು ರೇಡಿಯೊದಲ್ಲಿ ಕಳಿಸುವ ಪುಟ್ಟ ಸಾಧನ. ಒಂದೊಂದಕ್ಕೂ 4 ಕಿಲೋಬೈಟ್ ರ‍್ಯಾಮ್, ಗೋಡೆ ಗಡಿಯಾರಕ್ಕೆ ಹಾಕುವಂಥ ಎರಡು ಸೆಲ್. ಮರಿ ಮಾಡುವ ಕಾಲದಲ್ಲಿ ಜನ ಓಡಾಡಿದರೆ ಹಕ್ಕಿ ಬಿಲವನ್ನೇ ಬಿಟ್ಟು ಹೋಗಬಹುದು. ಹಾಗಾಗಿ ಸುಮ್ನೆ ಹೋಗಿ ಸೆಲ್ ಬದಲಿಸಿ ಬರುವಂತಿಲ್ಲ. ಇಷ್ಟು ಹೇಳಿದರೆ ಓದುಗರಿಗೆ ಕಷ್ಟ ತಾನಾಗಿ ತಿಳಿಯುತ್ತದೆ, ಅಲ್ವಾ?

‘ಗೂಢಲಿಪಿಯ ಲೆಕ್ಕವೇ ಬ್ಯಾಟರಿ ತಿನ್ನುತ್ತದೆ’ ಎಂಬ ಮಾತು ತಿದ್ದಿ. ಬರ್ಕ್ಲಿ ವಿಶ್ವವಿದ್ಯಾಲಯದವರು 2004ರಲ್ಲಿ ಪ್ರಕಟಿಸಿದ, ಇಂಥ ನೋಡ್‌ಗಳಿಗಾಗಿಯೇ ಮಾಡಿದ ಟೈನಿಸೆಕ್ ಎಂಬ ಭದ್ರತಾ ತಂತ್ರಾಂಶದಲ್ಲಿ, ಸಂದೇಶ ಅಸಲಿ ಎಂದು ತೋರಿಸಲು ಅದಕ್ಕೆ ಸೇರಿಸುವ ಮೊಹರಿಗೆ ಸುಮಾರು 3% ಹೆಚ್ಚು ಶಕ್ತಿ ಬೇಕಾಯಿತು. ಗೂಢಲಿಪಿಯೂ ಸೇರಿದರೆ ಸುಮಾರು 10%. ಅದರಲ್ಲಿ ಜಾಸ್ತಿ ಪಾಲು ಪ್ಯಾಕೆಟ್, ಅಂದರೆ ಒಂದು ಸಲಕ್ಕೆ ಕಳಿಸುವ ಸಂದೇಶದ ಕಟ್ಟು, ಉದ್ದವಾದದ್ದರಿಂದ ಬಂದದ್ದು. ದುಬಾರಿಯಾದದ್ದು ರೇಡಿಯೊ.

ನನಗೆ ನಿಜಕ್ಕೂ ಚಿಂತೆ ಹುಟ್ಟಿಸಿದ್ದು ನಿಮ್ಮ ಮುಖ್ಯ ಸಲಹೆ: ಬ್ಯಾಟರಿ ಕಡಿಮೆಯಾದಂತೆ ಭದ್ರತೆಯನ್ನೂ ಇಳಿಸುತ್ತಾ ಹೋಗಬೇಕು ಎಂಬುದು. ದಾಳಿ ಮಾಡುವವನ ಜಾಗದಲ್ಲಿ ನಿಂತು ಯೋಚಿಸಿ. ಅವನು ಕೆಲಸಕ್ಕೆ ಬಾರದ ಪ್ಯಾಕೆಟ್ ಕಳಿಸುತ್ತಲೇ ಇರುತ್ತಾನೆ, ನೋಡ್ ರೇಡಿಯೊ ಆರಿಸಿ ಮಲಗುವುದೇ ಇಲ್ಲ. ಇಂಥ ಎಷ್ಟೋ ನೋಡ್‌ಗಳಲ್ಲಿ ಬಳಸಿದ ಸಿಸಿ2420 ಚಿಪ್‌ನ ರೇಡಿಯೊ ಕೇಳುತ್ತಾ ಕೂತರೆ ಸುಮಾರು 20 ಮಿಲಿಆಂಪ್ ಎಳೆಯುತ್ತದೆ. ಅಂಥ ಎರಡು ಸೆಲ್ ಒಂದು ವಾರವೂ ಬಾಳುವುದಿಲ್ಲ. ಬ್ಯಾಟರಿ ಇಳಿಯುತ್ತದೆ, ನಿಮ್ಮ ನಿಯಮದಂತೆ ಮೊಹರು ಹೋಗುತ್ತದೆ, ಆಮೇಲೆ ಅವನು ಸುಳ್ಳು ಸಂದೇಶ ತುರುಕುತ್ತಾನೆ. ಕಳ್ಳನ ಕೈಗೆ ನಾವೇ ಬೀಗದ ಕೈ ಕೊಟ್ಟಂತಾಯಿತು.

ಹೊಂದಿಕೊಳ್ಳುವುದು ಬೇರೆ ಕಡೆ ಇರಲಿ. ಕಡಿಮೆ ಶಕ್ತಿಯ ರೇಡಿಯೊಗಳ ಸಂಪರ್ಕಕ್ಕಾಗಿ ಇರುವ 802.15.4 ಮಾನದಂಡದಲ್ಲಿ ಮೊಹರು 4, 8 ಅಥವಾ 16 ಬೈಟ್ ಇರಬಹುದು. ಸಾಮಾನ್ಯವಾಗಿ ಇಡೀ ಪ್ಯಾಕೆಟ್‌ಗೆ ಸಿಗುವುದೇ 127 ಬೈಟ್. ದಿನನಿತ್ಯದ ಉಷ್ಣಾಂಶಕ್ಕೆ 4 ಸಾಕಾಗಬಹುದು. ಗೂಢಲಿಪಿಯ ಹೊಸ ಕೀಲಿ, ಹೊಸ ಪ್ರೋಗ್ರಾಂ ಕಳಿಸುವಾಗ 16 ಬೇಕು. ಬ್ಯಾಟರಿ ಕಡಿಮೆಯಾದರೆ ಐದು ನಿಮಿಷಕ್ಕೊಮ್ಮೆ ಕಳಿಸುವುದನ್ನು ಅರ್ಧ ಗಂಟೆಗೊಮ್ಮೆ ಕಳಿಸಲಿ, ಮೊಹರು ಮಾತ್ರ ಇರಲಿ. ಯಾವ ಸಂದೇಶಕ್ಕೆ ಎಷ್ಟು ಮೊಹರು ಬೇಕೆಂದು ಪಡೆಯುವ ನೋಡ್‌ಗೆ ಮೊದಲೇ ಗೊತ್ತಿರಬೇಕು. ಬಂದ ಪ್ಯಾಕೆಟ್ ಹೇಳಿದ್ದನ್ನು ಅದು ನಂಬಬಾರದು.

ದಾಳಿ ಕಂಡಾಗ ಭದ್ರತೆ ಏರುತ್ತದೆ ಎಂದಿದ್ದೀರಿ, ಅದು ಸರಿ. ಮತ್ತೆ ಇಳಿಯುವುದು ಯಾವಾಗ? ‘ಇಳಿಸು’ ಎಂದು ಹೇಳಿದವರು ನಮ್ಮವರೇ ಎಂದು ನೋಡ್‌ಗೆ ಹೇಗೆ ತಿಳಿಯುತ್ತದೆ? ಇದನ್ನು ಬಿಡಿಸಿ ಬರೆದು ಕಳಿಸಿ. ಬಂದ ಕೂಡಲೇ ಓದುತ್ತೇನೆ.

ಪ್ರೀತಿಯಿಂದ,
ಸಂಪಾದಕ