ಪಗಾರ 1,400 ರೂಪಾಯಿ, ಗುಳಿಗೆಯ ಬಿಲ್ಲು ಅದಕ್ಕಿಂತ ಹೆಚ್ಚು: ಎಲ್ಲಿ ಇಳಿಸಬಹುದು, ಎಲ್ಲಿ ಮುಟ್ಟಬಾರದು

ನೀವು ಬರೆದಂತೆ ನಿಮ್ಮ ಊರು ಜಮಖಂಡಿ ಹತ್ತಿರ. ತಂದೆಯವರಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಅಂಗವಿಕಲರ ಪಗಾರ, ಅಂದರೆ ಮಾಸಾಶನ, ಅಂತ ತಿಂಗಳಿಗೆ 1,400 ರೂಪಾಯಿ ಬರುತ್ತದೆ. ಬಿ.ಪಿ., ಶುಗರ್, ಫಿಟ್ಸ್, ರಕ್ತ ತೆಳುವಾಗಿಸುವುದು, ಕೊಲೆಸ್ಟ್ರಾಲ್, ಕೈಕಾಲಿನ ಬಿಗಿತ, ಗ್ಯಾಸ್, ಮೆದುಳಿನ ತಾಕತ್ತು ಅಂತ ಎಂಟು ನಮೂನೆ ಗುಳಿಗೆ ನಡೆದಿವೆ. ಮೆಡಿಕಲ್ ಬಿಲ್ಲು ಪಗಾರವನ್ನು ದಾಟಿ ಹೋಗುತ್ತಿದೆ, ವರ್ಷವರ್ಷ ಏರುತ್ತಲೂ ಇದೆ. ದಿನ ಬಿಟ್ಟು ದಿನ ಕೊಟ್ಟರೆ ನಡೆದೀತೇ ಅಂತ ಕೇಳಿದ್ದೀರಿ.

ಅದೊಂದನ್ನು ಮಾತ್ರ ಮಾಡಬೇಡಿ. ಬಿ.ಪಿ. ಏರಿಳಿತವಾದರೆ ಎರಡನೇ ಲಕ್ವಾ ಹೊಡೆಯುವ ಭಯವಿದೆ, ಫಿಟ್ಸ್ ಗುಳಿಗೆ ತಪ್ಪಿದರೆ ಫಿಟ್ಸ್ ಬರುತ್ತದೆ, ಆಮೇಲೆ ಆಗುವ ಖರ್ಚಿಗೆ ಯಾವ ಪಗಾರವೂ ಸಾಲುವುದಿಲ್ಲ. ಬಿಲ್ಲು ಇಳಿಸುವುದಕ್ಕೆ ಬೇರೆ ದಾರಿ ಇದೆ. ಆ ಕೆಲಸದ ಮುಕ್ಕಾಲು ಭಾಗ ನಡೆಯಬೇಕಾದದ್ದು ವೈದ್ಯರು ಚೀಟಿ ಬರೆಯುವ ಹೊತ್ತಿನಲ್ಲಿ.

ಮೊದಲು ಬೆಲೆ ಏಕೆ ಏರುತ್ತದೆ ಅನ್ನುವುದು ಗೊತ್ತಿರಲಿ, ಉಪಾಯವೂ ಅಲ್ಲೇ ಇದೆ. ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಗುಳಿಗೆಗಳಿಗೆ ಕೇಂದ್ರದ ಬೆಲೆ ಪ್ರಾಧಿಕಾರ ಗರಿಷ್ಠ ಬೆಲೆ ಕಟ್ಟುತ್ತದೆ. ಪ್ರತಿ ಏಪ್ರಿಲ್‌ನಲ್ಲಿ ಸಗಟು ಬೆಲೆ ಸೂಚ್ಯಂಕ ಎಷ್ಟು ಏರಿದೆಯೋ ಅಷ್ಟೇ ಏರಿಸಬಹುದು. 2022ರಲ್ಲಿ ಶೇ 10.77, 2023ರಲ್ಲಿ ಶೇ 12.12 ಏರಿತ್ತು, 2024ರಲ್ಲಿ ಏರಿಕೆ ಇಲ್ಲವೆನ್ನುವಷ್ಟು, 2025ರಲ್ಲಿ ಶೇ 1.74 ಮಾತ್ರ. ಪಟ್ಟಿಯ ಹೊರಗಿನ ಔಷಧಗಳಿಗೆ ಈ ಲೆಕ್ಕ ಇಲ್ಲ. ಅವುಗಳ ಬೆಲೆಯನ್ನು ಕಂಪನಿ ವರ್ಷಕ್ಕೆ ಶೇ 10ರ ತನಕ ಏರಿಸಬಹುದು. ಒಂದೇ ಗುಳಿಗೆಯಲ್ಲಿ ಎರಡು ಮೂರು ಔಷಧ ಬೆರೆಸಿದ ಜೋಡಿ ಗುಳಿಗೆಗಳಲ್ಲಿ ಬಹುಪಾಲು ಪಟ್ಟಿಯ ಹೊರಗೇ ಇವೆ. ಖಾಸಗಿ ಚೀಟಿಗಳಲ್ಲಿ ತುಂಬಿರುವುದೂ ಅವೇ.

ಇನ್ನೊಂದು ವಿಷಯ. 2025ರ ಸೆಪ್ಟೆಂಬರ್ 22ರಿಂದ ಔಷಧದ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಅಂದರೆ ಅದೇ ಬ್ರಾಂಡಿನ ಎಂ.ಆರ್.ಪಿ. ಸುಮಾರು ಶೇ 6ರಷ್ಟು ಇಳಿಯಬೇಕಿತ್ತು. ಹಳೆಯ ಬಿಲ್ಲು, ಹೊಸ ಬಿಲ್ಲು ಪಕ್ಕಪಕ್ಕ ಇಟ್ಟು ನೋಡಿ, ಇಳಿದಿಲ್ಲವಾದರೆ ಕೇಳಿ. ಹೋಲಿಸುವಾಗ ಗುಳಿಗೆಯ ಪಟ್ಟಿಯ, ಅಂದರೆ ಸ್ಟ್ರಿಪ್ಪಿನ, ಬೆಲೆ ನೋಡಬೇಡಿ. ಒಂದು ಕಂಪನಿಯ ಪಟ್ಟಿಯಲ್ಲಿ 10 ಗುಳಿಗೆ, ಇನ್ನೊಂದರಲ್ಲಿ 14, ಮತ್ತೊಂದರಲ್ಲಿ 15 ಇರುತ್ತವೆ. ಒಂದು ಗುಳಿಗೆಯ ಬೆಲೆ ತೆಗೆದು, ದಿನಕ್ಕೆ ಎಷ್ಟು ಅಂತ ನೋಡಿ, 30ರಿಂದ ಗುಣಿಸಿ. ಎಂಟೂ ಗುಳಿಗೆಗಳಿಗೆ ಹೀಗೆ ಲೆಕ್ಕ ಹಾಕಿದರೆ ದುಡ್ಡು ಎಲ್ಲಿ ಹೋಗುತ್ತಿದೆ ಅನ್ನುವುದು ಒಂದೇ ಹಾಳೆಯಲ್ಲಿ ಕಾಣುತ್ತದೆ. ಸಾಮಾನ್ಯವಾಗಿ ಎರಡೋ ಮೂರೋ ಗುಳಿಗೆಗಳೇ ಅರ್ಧ ಬಿಲ್ಲು ತಿಂದಿರುತ್ತವೆ.

ಆ ಹಾಳೆಯಲ್ಲಿ ಬ್ರಾಂಡಿನ ಹೆಸರಿನ ಎದುರಿಗೆ ಪಟ್ಟಿಯ ಹಿಂದೆ ಮುದ್ರಿಸಿರುವ ಮೂಲ ಔಷಧದ ಹೆಸರನ್ನೂ ಮಿಲಿಗ್ರಾಂ ಅನ್ನೂ ಬರೆದುಕೊಳ್ಳಿ. ಲಕ್ವಾ ಆದವರ ಚೀಟಿಯಲ್ಲಿ ಸಾಮಾನ್ಯವಾಗಿ ಕಾಣುವುದು ಇವು: ಬಿ.ಪಿ.ಗೆ ಟೆಲ್ಮಿಸಾರ್ಟನ್ ಜೊತೆ ಆಮ್ಲೋಡಿಪಿನ್, ಶುಗರಿಗೆ ಗ್ಲಿಮೆಪಿರೈಡ್ ಜೊತೆ ಮೆಟ್‌ಫಾರ್ಮಿನ್, ರಕ್ತಕ್ಕೆ ಕ್ಲೊಪಿಡೊಗ್ರೆಲ್ ಜೊತೆ ಆಸ್ಪಿರಿನ್, ಕೊಲೆಸ್ಟ್ರಾಲಿಗೆ ಅಟೊರ್ವಾಸ್ಟಾಟಿನ್ ಅಥವಾ ರೊಸುವಾಸ್ಟಾಟಿನ್. ಇವನ್ನು ಬಿಡಿ ಬಿಡಿಯಾಗಿ ಬರೆದರೆ ಬಹುತೇಕ ಎಲ್ಲವೂ ಅಗತ್ಯ ಔಷಧಗಳ ಪಟ್ಟಿಯೊಳಗೆ ಬರುತ್ತವೆ, ಸರ್ಕಾರಿ ದವಾಖಾನೆಗಳಿಗೆ ಸರಬರಾಜಾಗುವುದೂ ಈ ಬಿಡಿ ಗುಳಿಗೆಗಳೇ. ಆದ್ದರಿಂದ ವೈದ್ಯರ ಮುಂದೆ ಇಡಬೇಕಾದ ಮೊದಲ ಕೋರಿಕೆ: 'ಸರ್, ಜೋಡಿ ಗುಳಿಗೆ ಬಿಡಿಸಿ, ಮೂಲ ಔಷಧದ ಹೆಸರಿನಲ್ಲಿ ಬರೆದುಕೊಡಿ. ಸರ್ಕಾರಿ ದವಾಖಾನೆಯಲ್ಲಿ ತಗೋತೀವಿ.' ನುಂಗುವ ಗುಳಿಗೆಗಳ ಸಂಖ್ಯೆ ಹೆಚ್ಚಾಗುತ್ತದೆ, ಅದೊಂದೇ ತೊಂದರೆ. ಈ ಮಾತನ್ನು ಮೆಡಿಕಲ್‌ನಲ್ಲಿ ಕೇಳಿ ಉಪಯೋಗವಿಲ್ಲ. ಚೀಟಿಯಲ್ಲಿ ಬರೆದ ಬ್ರಾಂಡಿನ ಬದಲು ಬೇರೆಯದನ್ನು ಕೊಡಲು ಔಷಧ ನಿಯಮಗಳಲ್ಲಿ ಅವರಿಗೆ ಅವಕಾಶವಿಲ್ಲ.

ಎರಡನೇ ಕೋರಿಕೆ ಇನ್ನೂ ಮುಖ್ಯ: 'ಇವುಗಳಲ್ಲಿ ಯಾವುದು ಈಗ ಬೇಕಿಲ್ಲ?' ಖಾಸಗಿ ಆಸ್ಪತ್ರೆಯಿಂದ ಬಿಡುಗಡೆ ಆಗುವಾಗ ಬರೆದ ಚೀಟಿಯನ್ನೇ ವರ್ಷಗಟ್ಟಲೆ ತೋರಿಸಿ ತರುತ್ತಾ ಹೋಗುವುದು ನಮ್ಮ ಕಡೆ ಮಾಮೂಲು. ಸಣ್ಣ ಸ್ಟ್ರೋಕ್ (ಲಕ್ವಾ) ಆದಮೇಲೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡನ್ನೂ ಒಟ್ಟಿಗೆ ಸಾಮಾನ್ಯವಾಗಿ ಮೂರು ವಾರ, ಕೆಲವರಿಗೆ ಮೂರು ತಿಂಗಳು ಕೊಟ್ಟು, ಆಮೇಲೆ ಒಂದನ್ನೇ ಮುಂದುವರಿಸುತ್ತಾರೆ. ಹೃದಯಕ್ಕೆ ಸ್ಟೆಂಟ್ ಹಾಕಿದ್ದರೆ ಲೆಕ್ಕ ಬೇರೆ. ಎರಡೂ ಸೇರಿ ಹೊಟ್ಟೆಯಲ್ಲಿ ರಕ್ತಸ್ರಾವ ಆಗದಿರಲಿ ಅಂತಲೇ ಗ್ಯಾಸಿನ ಗುಳಿಗೆ ಬರೆದಿರುತ್ತಾರೆ. ಒಂದು ನಿಂತರೆ ಅದೂ ನಿಲ್ಲಬಹುದು. ಇದನ್ನು ನೀವೇ ನಿಲ್ಲಿಸಬೇಡಿ. ಆದರೆ ಕೇಳದಿದ್ದರೆ ಯಾರೂ ತಾವಾಗಿ ನಿಲ್ಲಿಸುವುದಿಲ್ಲ.

'ಮೆದುಳಿನ ತಾಕತ್ತಿನ' ಗುಳಿಗೆ ಅಂತ ನೀವು ಬರೆದದ್ದು ಸಿಟಿಕೋಲಿನ್ ಅಥವಾ ಸಿಟಿಕೋಲಿನ್-ಪಿರಾಸೆಟಮ್ ಜೋಡಿ ಇರಬೇಕು, ಪಟ್ಟಿಯ ಹಿಂದೆ ನೋಡಿ. ಚೀಟಿಯಲ್ಲಿ ಬಹಳ ಸಲ ಎಲ್ಲಕ್ಕಿಂತ ದುಬಾರಿ ಅದೇ. ಸ್ಟ್ರೋಕ್ ಆದ ಕೂಡಲೇ ಶುರುಮಾಡಿ ಆರು ವಾರ ಸಿಟಿಕೋಲಿನ್ ಕೊಟ್ಟು ಯುರೋಪಿನಲ್ಲಿ ನಡೆಸಿದ ದೊಡ್ಡ ಪ್ರಯೋಗದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಕೊಟ್ಟವರಿಗೂ ಕೊಡದವರಿಗೂ ವ್ಯತ್ಯಾಸ ಕಾಣಲಿಲ್ಲ. ಪಗಾರದ ಮೇಲೆ ಬದುಕುವ ಮನೆಯವರು ಇದನ್ನು ವರ್ಷಾನುಗಟ್ಟಲೆ ಕೊಳ್ಳುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಆ ದುಡ್ಡು ಫಿಸಿಯೋಥೆರಪಿಗೆ ಹೋದರೆ ಕೈಕಾಲಿಗಾದರೂ ಬರುತ್ತದೆ. ಇದು ಇನ್ನೂ ಬೇಕೇ ಅಂತ ನೇರವಾಗಿ ಕೇಳಿ. ವಿಟಮಿನ್ ಗುಳಿಗೆಗಳಿಗೂ ಇದೇ ಪ್ರಶ್ನೆ.

ಇನ್ನು ಎಲ್ಲಿ ತೆಗೆದುಕೊಳ್ಳಬೇಕು. ಬಿ.ಪಿ., ಶುಗರ್ ಗುಳಿಗೆಗಳಿಗೆ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲೂಕು ಆಸ್ಪತ್ರೆಯ ಎನ್‌ಸಿಡಿ ವಿಭಾಗಕ್ಕೆ ಹೋಗಿ ಹೆಸರು ಬರೆಸಿ. ಸಾಂಕ್ರಾಮಿಕವಲ್ಲದ ರೋಗಗಳಿಗೆ ಅಂತಲೇ ಇರುವ ಕೋಣೆ ಅದು. ಮೊದಲ ಸಲ ತಂದೆಯವರನ್ನು ಕರೆದೊಯ್ದು ಬಿ.ಪಿ., ಶುಗರ್ ತಪಾಸಣೆ ಮಾಡಿಸಿ. ಆಧಾರ್, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ), ವೈದ್ಯರ ಹಳೆಯ ಚೀಟಿ ಜೊತೆಗಿರಲಿ. ಒಮ್ಮೆಗೆ 30 ದಿನದ ಗುಳಿಗೆ ಕೇಳಿ. ನಂತರದ ತಿಂಗಳುಗಳಲ್ಲಿ ಅವರನ್ನು ಹೊತ್ತೊಯ್ಯುವುದು ಕಷ್ಟವಾದರೆ ಆಶಾ ಕಾರ್ಯಕರ್ತೆಗೂ, ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗೂ ಹಾಸಿಗೆ ಹಿಡಿದವರಿದ್ದಾರೆ ಅಂತ ತಿಳಿಸಿ, ಮನೆಗೆ ಬಂದು ಬಿ.ಪಿ. ನೋಡಲು ಕೇಳಿ. ರಾಜ್ಯದ ಗೃಹ ಆರೋಗ್ಯ ಯೋಜನೆ ಇರುವುದೂ ಇದಕ್ಕೇ.

ಫಿಟ್ಸ್ ಗುಳಿಗೆ, ಬಿಗಿತದ ಬ್ಯಾಕ್ಲೋಫೆನ್ ಪ್ರಾಥಮಿಕ ಕೇಂದ್ರದಲ್ಲಿ ಸಿಗುವುದು ಕಷ್ಟ. ಬಾಗಲಕೋಟೆ ನವನಗರದ ಜಿಲ್ಲಾ ಆಸ್ಪತ್ರೆ ಅಥವಾ ವಿಜಯಪುರದ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. ಬೆಳಗಾವಿ ಕಡೆಯವರು ಓದುತ್ತಿದ್ದರೆ ಅವರಿಗೆ ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಬಿಮ್ಸ್. ತಾಲೂಕು ಆಸ್ಪತ್ರೆಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ಫಿಟ್ಸ್ ಗುಳಿಗೆಯ ವಿಚಾರ ಅವರ ಬಳಿಯೂ ಎತ್ತಬಹುದು. ಬಸ್ಸಿನ ಖರ್ಚಿಗೆ ಅಂಗವಿಕಲರ ರಿಯಾಯಿತಿ ಪಾಸ್ ಇದೆ, ವರ್ಷಕ್ಕೆ 660 ರೂಪಾಯಿ, ವಾಸಸ್ಥಳದಿಂದ 100 ಕಿ.ಮೀ. ಒಳಗೆ ನಡೆಯುತ್ತದೆ. ಜಮಖಂಡಿಯಿಂದ ಎರಡೂ ಜಿಲ್ಲಾ ಕೇಂದ್ರಗಳು ಆ ಅಳತೆಯೊಳಗೆ ಬರುತ್ತವೆ. ಜೊತೆಗೆ ತಾಯಿಯವರು ಹೋದರೆ ಶಕ್ತಿ ಯೋಜನೆಯಲ್ಲಿ ಅವರಿಗೆ ಟಿಕೆಟ್ಟಿನ ದುಡ್ಡಿಲ್ಲ.

'ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ' ಅನ್ನುವ ಮಾತು ಬಂದೇ ಬರುತ್ತದೆ. ಆಗ ಔಷಧ ಕೊಡುವ ಕಿಟಕಿಯಲ್ಲಿ ಜಗಳ ಬೇಡ, ಅಲ್ಲಿರುವವರ ಕೈಯಲ್ಲಿ ಏನೂ ಇರುವುದಿಲ್ಲ. ವೈದ್ಯಾಧಿಕಾರಿಯನ್ನು ಕಂಡು, ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ಸ್ಥಳೀಯವಾಗಿ ಖರೀದಿಸಿ ಕೊಡಿ ಅಂತ ಬರವಣಿಗೆಯಲ್ಲಿ ಅರ್ಜಿ ಕೊಡಿ. ಯುಡಿಐಡಿ ಸಂಖ್ಯೆ, ಬೇಕಾದ ಗುಳಿಗೆ, ತಿಂಗಳಿಗೆ ಎಷ್ಟು ಎಂಬುದು ಅರ್ಧ ಹಾಳೆಯಲ್ಲಿರಲಿ, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಹಾಕಿಸಿಕೊಳ್ಳಿ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 24 ಮತ್ತು 25ನೇ ಕಲಮುಗಳು ಆದಾಯ ಮಿತಿಗೆ ಒಳಪಟ್ಟು ಉಚಿತ ಔಷಧ, ಹತ್ತಿರದಲ್ಲೇ ಉಚಿತ ಚಿಕಿತ್ಸೆಯ ಮಾತಾಡುತ್ತವೆ. ಅವುಗಳನ್ನು ಅರ್ಜಿಯಲ್ಲಿ ಹೆಸರಿಸಿ. ಉತ್ತರ ಬರದಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಮುಂದಿನ ಮೆಟ್ಟಿಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಅಂಗವಿಕಲರಿಗೆ ಅಲ್ಲಿ ವಕೀಲರ ನೆರವು ಉಚಿತ.

ಸರ್ಕಾರಿಯಲ್ಲಿ ಸಿಗದೆ ಉಳಿದದ್ದಕ್ಕೆ ಜನೌಷಧಿ ಕೇಂದ್ರ. ಜನೌಷಧಿ ಸುಗಮ್ ಆ್ಯಪ್‌ನಲ್ಲಿ ಮೂಲ ಔಷಧದ ಹೆಸರು ಹಾಕಿ ಹುಡುಕಿ. ಬೆಲೆ ಅಲ್ಲೇ ಕಾಣುತ್ತದೆ, ಹತ್ತಿರದ ಕೇಂದ್ರವೂ ಕಾಣುತ್ತದೆ. ಹೊರಡುವ ಮೊದಲು ಫೋನ್ ಮಾಡಿ. ಒಂದು ತಿಂಗಳಿನದು ಒಟ್ಟಿಗೆ ಬೇಕು ಅಂದರೆ ತರಿಸಿಡುತ್ತಾರೆ. ಸರ್ಕಾರಿ ಆಸ್ಪತ್ರೆ ಆವರಣದೊಳಗಿನ ಕೇಂದ್ರಗಳನ್ನು ಮುಚ್ಚಲು 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಆದೇಶ ಹೊರಡಿಸಿ, ಅದು ಹೈಕೋರ್ಟ್ ಮೆಟ್ಟಿಲೇರಿತ್ತು. ಹಾಗಾಗಿ ಆಸ್ಪತ್ರೆಯ ಒಳಗಿನದನ್ನೇ ನಂಬಿ ಹೋಗದೆ ಊರಲ್ಲಿರುವ ಹೊರಗಿನ ಕೇಂದ್ರವನ್ನೂ ಗುರುತು ಮಾಡಿಟ್ಟುಕೊಳ್ಳಿ. ಮಾಮೂಲಿ ಮೆಡಿಕಲ್‌ಗಳಲ್ಲಿ 'ಜನರಿಕ್' ಅಂತ ಕೊಡುವುದರ ಮೇಲೆ ಎಂ.ಆರ್.ಪಿ. ಬಹಳ ಹೆಚ್ಚಿಗೆ ಮುದ್ರಿಸಿ, ಅರ್ಧ ರಿಯಾಯಿತಿ ಅಂತ ಹೇಳುವುದುಂಟು. ರಿಯಾಯಿತಿ ನೋಡಬೇಡಿ, ಗುಳಿಗೆಯೊಂದಕ್ಕೆ ಕೊನೆಗೆ ಎಷ್ಟು ಬಿತ್ತು ಅನ್ನುವುದನ್ನು ನೋಡಿ.

ಬದಲಾಯಿಸುವಾಗ ಎಡವಟ್ಟಾಗುವ ಜಾಗಗಳಿವೆ. ಫಿಟ್ಸ್ ಗುಳಿಗೆಯಲ್ಲಿ, ಅದರಲ್ಲೂ ಫೆನಿಟಾಯಿನ್‌ನಂಥದರಲ್ಲಿ, ಕಂಪನಿ ಬದಲಾದರೆ ರಕ್ತದಲ್ಲಿನ ಪ್ರಮಾಣ ಸ್ವಲ್ಪ ಹೆಚ್ಚುಕಡಿಮೆಯಾಗಿ ಫಿಟ್ಸ್ ಮರುಕಳಿಸಬಹುದು. ಬದಲಿಸುವುದಿದ್ದರೆ ವೈದ್ಯರಿಗೆ ಹೇಳಿ ಒಮ್ಮೆ ಬದಲಿಸಿ, ಆಮೇಲೆ ಅದಕ್ಕೇ ಅಂಟಿಕೊಳ್ಳಿ. ಈ ತಿಂಗಳು ಒಂದು, ಮುಂದಿನ ತಿಂಗಳು ಇನ್ನೊಂದು ಮಾಡಬೇಡಿ. ರೊಸುವಾಸ್ಟಾಟಿನ್ ಬದಲು ಸರ್ಕಾರಿ ಅಟೊರ್ವಾಸ್ಟಾಟಿನ್ ತೆಗೆದುಕೊಂಡರೆ ಮಿಲಿಗ್ರಾಂ ಅಷ್ಟೇ ಇರುವುದಿಲ್ಲ, ವೈದ್ಯರೇ ಬರೆಯಬೇಕು. ಖಾಸಗಿಯವರು ಬರೆಯುವ ಮೆಟ್‌ಫಾರ್ಮಿನ್ ಹೆಚ್ಚಾಗಿ ಎಸ್‌ಆರ್ ಅಂದರೆ ನಿಧಾನವಾಗಿ ಕರಗುವಂಥದ್ದು. ಸರ್ಕಾರಿಯಲ್ಲಿ ಸಾದಾ ಸಿಕ್ಕರೆ ದಿನಕ್ಕೆ ಎರಡು ಹೊತ್ತು ಆಗಬಹುದು, ಊಟದ ಜೊತೆ ಕೊಡದಿದ್ದರೆ ಹೊಟ್ಟೆ ಕೆಡುತ್ತದೆ.

ಲಕ್ವಾ ಆದವರಿಗೆ ನುಂಗಲು ಕಷ್ಟ, ಅದಕ್ಕೆ ಮನೆಯವರು ಎಲ್ಲ ಗುಳಿಗೆ ಕುಟ್ಟಿ ಪುಡಿ ಮಾಡಿ ನೀರಿನಲ್ಲಿ ಕಲಸಿ ಕೊಡುತ್ತಾರೆ. ಎಸ್‌ಆರ್, ಇಆರ್, ಸಿಆರ್ ಅಂತ ಬರೆದ ಗುಳಿಗೆ ಕುಟ್ಟಿದರೆ ಇಡೀ ದಿನದ ಔಷಧ ಒಮ್ಮೆಲೇ ಮೈಗೆ ಹತ್ತುತ್ತದೆ. ಗ್ಯಾಸಿನ ಪ್ಯಾಂಟೊಪ್ರಜೋಲ್ ಕುಟ್ಟಿದರೆ ಹೊಟ್ಟೆಯ ಆಮ್ಲದಲ್ಲೇ ಹಾಳಾಗಿ ದುಡ್ಡು ನೀರುಪಾಲು. ಟೆಲ್ಮಿಸಾರ್ಟನ್ ಗಾಳಿಯ ತೇವ ಹೀರಿ ಕೆಡುತ್ತದೆ, ಆದ್ದರಿಂದ ಪಟ್ಟಿಯಿಂದ ಬಿಡಿಸಿ ಡಬ್ಬಿಯಲ್ಲಿ ಹಾಕಿಡಬೇಡಿ, ಆಯಾ ಹೊತ್ತಿಗೆ ಬಿಡಿಸಿ ಕೊಡಿ. ಪಟ್ಟಿ ಕತ್ತರಿಸುವಾಗ ಅವಧಿ ಮುಗಿಯುವ ದಿನಾಂಕ ಮುದ್ರಿಸಿರುವ ತುದಿಯನ್ನು ಕೊನೆಗೆ ಉಳಿಸಿಕೊಳ್ಳಿ.

ಮುಂದೆ ಇನ್ಸುಲಿನ್ ಶುರುವಾದರೆ ಪೆನ್ನಿನ ಕಾರ್ಟ್ರಿಜ್ ಬದಲು ಸರ್ಕಾರಿಯಲ್ಲಿ ಸಿಗುವ ಬಾಟಲಿ ಕೇಳಿ. 10 ಮಿ.ಲೀ. ಬಾಟಲಿಯಲ್ಲಿ, ಮಿ.ಲೀ.ಗೆ 40 ಯೂನಿಟ್‌ನಂತೆ, 400 ಯೂನಿಟ್ ಇರುತ್ತದೆ. ಅದಕ್ಕೆ 40ರ ಸಿರಿಂಜೇ ಬೇಕು. 100ರ ಸಿರಿಂಜಿನಲ್ಲಿ ಎಳೆದರೆ ಬೇಕಾದ್ದರ ಅರ್ಧಕ್ಕಿಂತ ಕಡಿಮೆ ಹೋಗುತ್ತದೆ. ಫ್ರಿಜ್ ಇಲ್ಲದಿದ್ದರೆ ನಮ್ಮ ಬೇಸಿಗೆಗೆ, ಮಣ್ಣಿನ ಗಡಿಗೆಯಲ್ಲಿ ಒದ್ದೆ ಮರಳು ಹಾಕಿ ಅದರೊಳಗೆ ಚಿಕ್ಕ ಡಬ್ಬಿ ಇಟ್ಟು, ಡಬ್ಬಿಯಲ್ಲಿ ಬಾಟಲಿ ಇಡಿ.

ಆಯುಷ್ಮಾನ್ ಕಾರ್ಡ್ ಒಳರೋಗಿ ಚಿಕಿತ್ಸೆಗೆ ಮಾತ್ರ, ತಿಂಗಳ ಗುಳಿಗೆಗೆ ನಡೆಯುವುದಿಲ್ಲ. ಆ ಕಾರ್ಡಿನಲ್ಲಿ ಎಂದಾದರೂ ದಾಖಲಾದರೆ ಬಿಡುಗಡೆಯ ನಂತರದ 15 ದಿನದ ಔಷಧ ಪ್ಯಾಕೇಜಿನಲ್ಲೇ ಸೇರಿದೆ, ಕೇಳಿ ಪಡೆಯಿರಿ. ನಿರಾಮಯ ವಿಮೆ ಹೊರರೋಗಿ ಔಷಧಕ್ಕೂ ದುಡ್ಡು ಕೊಡುತ್ತದೆ, ಆದರೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವಿಕಲತೆ, ಬಹುವಿಧ ಅಂಗವಿಕಲತೆ ಇರುವವರಿಗೆ ಮಾತ್ರ, ನಿಮಗೆ ಬರುವುದಿಲ್ಲ. ನಿಮಗೆ ಬರುವುದು ಗ್ರಾಮ ಪಂಚಾಯಿತಿಯ ಶೇ 5ರ ನಿಧಿ. ಅದು ಅಂಗವಿಕಲರಿಗೆ ಅಂತಲೇ ಮೀಸಲು. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿದು, ವೈದ್ಯಕೀಯ ನೆರವಿಗೆ ಅರ್ಜಿ ಬರೆಸಿ, ಬಿಲ್ಲುಗಳನ್ನು ಲಗತ್ತಿಸಿ.

ಇದೆಲ್ಲ ಸರಿಹೋಗುವ ತನಕ, ಈ ವಾರವೇ ದುಡ್ಡು ಮುಗಿದಿದ್ದರೆ: ಫಿಟ್ಸ್ ಗುಳಿಗೆ, ಬ್ಯಾಕ್ಲೋಫೆನ್, ರಕ್ತ ತೆಳುವಾಗಿಸುವ ಗುಳಿಗೆ, ಬಿ.ಪಿ. ಮತ್ತು ಶುಗರ್ ಗುಳಿಗೆ ಒಂದು ಹೊತ್ತೂ ತಪ್ಪಬಾರದು. ಬ್ಯಾಕ್ಲೋಫೆನ್ ಅನ್ನು ಬಿಗಿತದ್ದು ಅಂತ ಹಗುರವಾಗಿ ಬಿಡುತ್ತಾರೆ. ತಟ್ಟನೆ ನಿಲ್ಲಿಸಿದರೆ ಭ್ರಮೆ, ಫಿಟ್ಸ್ ಬರಬಹುದು. ಕಡಿಮೆ ಮಾಡುವುದಿದ್ದರೂ ವೈದ್ಯರು ಹೇಳಿದಂತೆ ಹಂತ ಹಂತವಾಗಿ. ಕಾಯಬಹುದಾದ್ದು ವಿಟಮಿನ್ ಮತ್ತು ತಾಕತ್ತಿನ ಗುಳಿಗೆ. ಮೆಡಿಕಲ್‌ನಲ್ಲಿ ಪೂರ್ತಿ ಪಟ್ಟಿಯನ್ನೇ ಕೊಳ್ಳಬೇಕೆಂದಿಲ್ಲ, ಐದು ದಿನದ್ದು ಕತ್ತರಿಸಿ ಕೊಡಿ ಅಂತ ಕೇಳಿ, ಆ ಐದು ದಿನದೊಳಗೆ ತಾಲೂಕು ಆಸ್ಪತ್ರೆಗೆ ಹೋಗಿ ಹೆಸರು ಬರೆಸಿ.