67 ಎಲ್ಲರನ್ನೂ ಬೀಳಿಸುತ್ತೆ ತಮ್ಮ

67 ಅವಿಭಾಜ್ಯ, 2 ಇಟ್ಟು ಫರ್ಮಾ ಪರೀಕ್ಷೆ (2ನ್ನು ಸಂಖ್ಯೆಗಿಂತ ಒಂದು ಕಡಿಮೆ ಘಾತಕ್ಕೆ ಏರಿಸಿ, ಆ ಸಂಖ್ಯೆಯಿಂದಲೇ ಭಾಗಿಸಿ ಶೇಷ ನೋಡೋದು) ಮಾಡಿದೆ, ಶೇಷ 1 ಬಂತು, ಹಾಗಾಗಿ 2^67−1 ಅವಿಭಾಜ್ಯ ಅಂತ ಬರೆದಿದ್ದೀಯಲ್ಲ ತಮ್ಮ, ಸ್ವಲ್ಪ ತಾಳು. ಘಾತ ಅವಿಭಾಜ್ಯ ಆದರೆ ಮರ್ಸೆನ್ ಸಂಖ್ಯೆ (2ರ ಘಾತದಿಂದ 1 ಕಳೆದದ್ದು) 2ರ ಪರೀಕ್ಷೆಯಲ್ಲಿ ಯಾವಾಗಲೂ ಪಾಸ್. 2^11−1, ಅಂದರೆ 2047, ಒಡೆದರೆ 23×89, ಅದೂ ಪಾಸ್. ಹಾಜರಿ ಇದ್ದವರಿಗೆಲ್ಲ ಪಾಸ್ ಕೊಟ್ಟ ಹಾಗೆ. ಇದಕ್ಕಿಂತ ಬಿಗಿಯಾದ ಮಿಲ್ಲರ್-ರಾಬಿನ್ ಪರೀಕ್ಷೆಯಲ್ಲೂ 2 ಇಟ್ಟರೆ ಇದೇ ಕಥೆ. 3 ಇಟ್ಟು ನೋಡು.

ಬೇಜಾರಾಗಬೇಡ. 1644ರಲ್ಲಿ ಮರ್ಸೆನ್ ಕೂಡ ಅವಿಭಾಜ್ಯ ಕೊಡುವ ಘಾತಗಳ ಪಟ್ಟಿಗೆ 67ನ್ನು ಸೇರಿಸಿ, ನಿಜವಾಗಿ ಅವಿಭಾಜ್ಯ ಕೊಡುವ 61ನ್ನು ಬಿಟ್ಟಿದ್ದ. 67ರದ್ದು ಅವಿಭಾಜ್ಯ ಅಲ್ಲ ಅಂತ ಗಣಿತಜ್ಞ ಲೂಕಾ ತೋರಿಸಿದ್ದು 1876ರಲ್ಲಿ. ಒಡೆದು ತೋರಿಸಿದ್ದು ಇನ್ನೊಬ್ಬ ಗಣಿತಜ್ಞ ಕೋಲ್, 1903ರಲ್ಲಿ: 193707721 × 761838257287.

ಸ್ಪ್ರೆಡ್‌ಶೀಟಿನಲ್ಲೂ ಭಾಗಿಸಿ ನೋಡಿದೆ ಅಂದೆಯಲ್ಲ, ಅಲ್ಲೇ ನಾನು ಜಾರಿದ್ದು. ಮಂಡ್ಯದಲ್ಲಿ ರೂಮ್ ಮಾಡಿಕೊಂಡಿದ್ದಾಗ 2^61−1, ಅಂದರೆ 2305843009213693951, ಟೈಪ್ ಮಾಡಿದೆ. ಕೊನೆಗೆ ನಾಲ್ಕು ಸೊನ್ನೆ ಕಾಣಿಸಿತು. ಹತ್ತರಿಂದ ಭಾಗ ಹೋಗುತ್ತಲ್ಲ! ಪುಸ್ತಕದವರೇ ತಪ್ಪು ಅಂತ ಬೆಳಗ್ಗೆ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಗಣಿತದ ಮೇಷ್ಟ್ರ ಮುಂದೆ ಜಂಬ ಕೊಚ್ಚಿದೆ. ಅವರು ಲೋಟ ಕೆಳಗಿಟ್ಟು, "ಎರಡರ ಘಾತದಲ್ಲಿ ಒಂದು ಕಳೆದರೆ ಸಮ ಸಂಖ್ಯೆ ಹೆಂಗಪ್ಪಾ ಬರುತ್ತೆ?" ಅಂದರು. ಅಷ್ಟೇ. ಶೀಟು 15 ಅಂಕಿ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಸೊನ್ನೆ ಮಾಡಿತ್ತು.

ಅವತ್ತಿಂದ ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಒಂದೇ. ಆದರೆ ಒಂದೇ ಗೀಟಿನ (/) ಭಾಗಾಕಾರ ಬೇಡ, ಅದು ದಶಮಾಂಶಕ್ಕೆ ಇಳಿದು ಅಂಕಿ ನುಂಗುತ್ತದೆ. ಶೇಷದ ಚಿಹ್ನೆಯನ್ನೇ (%) ಬಳಸು. ಗಣಿತಕ್ಕೇ ಮಾಡಿದ ಪಾರಿ/ಜಿಪಿ ಸಾಫ್ಟ್‌ವೇರ್ ಇನ್ನೂ ಚೆನ್ನ, ಯಾರೂ ಕಲಿಯಲ್ಲ ಅನ್ನೋದೇ ಬೇಜಾರು.

ಮರ್ಸೆನ್ ಸಂಖ್ಯೆಗೆ ನನ್ನ ಮೆಚ್ಚಿನ ಪರೀಕ್ಷೆ ಲೂಕಾ-ಲೆಹ್ಮರ್. 4ರಿಂದ ಶುರು. ವರ್ಗ ಮಾಡು, 2 ಕಳೆ, ಪರೀಕ್ಷಿಸೋ ಸಂಖ್ಯೆಯಿಂದ ಭಾಗಿಸಿ ಶೇಷ ಹಿಡಿ. ಘಾತಕ್ಕಿಂತ ಎರಡು ಕಡಿಮೆ ಸಲ. 127ಕ್ಕೆ (2^7−1, ಅಂದರೆ ಐದು ಸಲ) ಕೈಯಲ್ಲೇ ಮಾಡು: 4, 14, 67, 42, 111, 0. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಅನುಮಾನವೇ ಇಲ್ಲ. 2047ಕ್ಕೆ ಕೊನೆಗೆ 1736 ಬರುತ್ತದೆ. ಘಾತ ಬೆಸ ಅವಿಭಾಜ್ಯ ಆಗಿರಬೇಕು. ಮರ್ಸೆನ್ ಅಲ್ಲದ ಸಂಖ್ಯೆಗೆ ಇದನ್ನು ಹಾಕಬೇಡ.

ಅಪವರ್ತನ ಹುಡುಕುವಾಗ ಎಲ್ಲದರಿಂದ ಭಾಗಿಸುತ್ತಾ ಸುಮ್ನೆ ಕರೆಂಟ್ ಸುಡಬೇಡ. 2^67−1ಕ್ಕೆ ಅಪವರ್ತನ ಇದ್ದರೆ 134ರ (67ರ ಎರಡರಷ್ಟು) ಮಗ್ಗಿಗೆ 1 ಸೇರಿಸಿದ್ದೇ ಇರಬೇಕು, 8ರಿಂದ ಭಾಗಿಸಿದರೆ ಶೇಷ 1 ಅಥವಾ 7. ಕೋಲ್‌ನ ಮೊದಲ ಸಂಖ್ಯೆಯಿಂದ 1 ಕಳೆದು 134ರಿಂದ ಭಾಗಿಸು, ಸರಿಯಾಗಿ 1445580 ಬರುತ್ತದೆ.

ಇನ್ನೊಂದು. ಹೊಸ ಪೈಥಾನ್ 4300 ಅಂಕಿ ದಾಟಿದ ಸಂಖ್ಯೆ ಪ್ರಿಂಟ್ ಮಾಡು ಅಂದರೆ ಎರರ್ ಕೊಡುತ್ತದೆ. ಲೆಕ್ಕ ಸರಿಯಾಗೇ ಇರುತ್ತದೆ, ಗಾಬರಿ ಬೇಡ. 2024ರಲ್ಲಿ ಸಿಕ್ಕ ಮರ್ಸೆನ್ ಅವಿಭಾಜ್ಯ 2^136279841−1ರಲ್ಲಿ 4,10,24,320 ಅಂಕಿ ಇದೆ, ಅದನ್ನು ಫೋನಿನಲ್ಲಿ ತೆರೆಯೋಕೆ ಹೋಗಬೇಡ. ಮರ್ಸೆನ್ ಅವಿಭಾಜ್ಯ ಹುಡುಕೋ ಪ್ರೋಗ್ರಾಂ ಪ್ರೈಮ್95 ಹಾಕೋದಾದರೆ, ಯಂತ್ರ ಬಿಸಿಯಾಗುತ್ತೆ, ಲ್ಯಾಪ್‌ಟಾಪ್ ಹಾಸಿಗೆ ಮೇಲೆ ಇಡಬೇಡ, ನಮ್ಮ ಏಪ್ರಿಲ್ ಸೆಕೆಯಲ್ಲಂತೂ ಬೇಡವೇ ಬೇಡ. ಮೊದಲು ಲೂಕಾ-ಲೆಹ್ಮರ್‌ನಲ್ಲಿ ಘಾತ 61 ಓಡಿಸಿ ಸೊನ್ನೆ ಬಂತಾ ಹೇಳು, ಆಮೇಲೆ 67.