ವಜ್ರ ಅಷ್ಟು ಗಟ್ಟಿಯಾದರೆ, ಕಲಿನನ್ ವಜ್ರವನ್ನು ಏಟು ಹಾಕಿ ಸೀಳಿದ್ದು ಹೇಗೆ?

ವಜ್ರವನ್ನು ಗೀರುವುದು ಕಷ್ಟ, ಸರಿಯಾದ ದಿಕ್ಕಿನಲ್ಲಿ ಸೀಳುವುದು ಅಷ್ಟು ಕಷ್ಟವಲ್ಲ. ಅದರೊಳಗಿನ ಕಾರ್ಬನ್ ಪರಮಾಣುಗಳು ಪದರ ಪದರವಾಗಿ ಕೂತಿರುತ್ತವೆ. ನಾಲ್ಕು ದಿಕ್ಕುಗಳಲ್ಲಿ ಪದರಗಳ ನಡುವೆ ಬೆಸುಗೆ ಕಡಿಮೆ. ಸೌದೆ ನಾರಿನ ಗುಂಟ ಸಲೀಸಾಗಿ ಸೀಳುತ್ತದಲ್ವಾ, ಹಾಗೇ ಇದು. ದಿಕ್ಕು ತಪ್ಪಿದರೆ ಮಾತ್ರ ಕಲ್ಲು ಪುಡಿಯಾಗಬಹುದು.

ಬಣ್ಣವಿಲ್ಲದ ಕಲಿನನ್ ವಜ್ರ 1905ರಲ್ಲಿ ದಕ್ಷಿಣ ಆಫ್ರಿಕಾದ ಪ್ರೀಮಿಯರ್ ಗಣಿಯಲ್ಲಿ ಸಿಕ್ಕಿತು. ತೂಕ 3,106 ಕ್ಯಾರೆಟ್, ಅಂದರೆ ಸುಮಾರು 621 ಗ್ರಾಂ. ಒಳಗೆ ದೋಷಗಳಿದ್ದವು, ಹಾಗಾಗಿ ಇಡಿಯಾಗಿ ಉಳಿಸಿಕೊಳ್ಳುವ ಹಾಗಿರಲಿಲ್ಲ. ಕತ್ತರಿಸುವ ಕೆಲಸ ಸಿಕ್ಕಿದ್ದು ಆಮ್‌ಸ್ಟರ್‌ಡ್ಯಾಮ್‌ನ ಆಶರ್ ಕುಟುಂಬಕ್ಕೆ. ಎಕ್ಸೆಲ್ಸಿಯರ್ ಎಂಬ ಇನ್ನೊಂದು ದೊಡ್ಡ ವಜ್ರವನ್ನು ಅವರು ಆಗಲೇ ಕತ್ತರಿಸಿದ್ದರು.

ಸುತ್ತಿಗೆ ಎತ್ತುವುದು ಕೊನೆಯ ಕ್ಷಣದ ಮಾತು. ಅದಕ್ಕೆ ಮೊದಲು ಕಲ್ಲನ್ನು ದಿನಗಟ್ಟಲೆ ನೋಡಿ ಪದರದ ದಿಕ್ಕು ಹಿಡಿಯಬೇಕು. ಆಮೇಲೆ ಇನ್ನೊಂದು ವಜ್ರದಿಂದ ಉಜ್ಜಿ ಉಜ್ಜಿ ಸಣ್ಣ ಕಚ್ಚು ಕೊರೆಯಬೇಕು. ಅದಕ್ಕೇ ನಾಲ್ಕು ದಿನ ಹಿಡಿಯಿತಂತೆ. 1908ರ ಫೆಬ್ರವರಿಯಲ್ಲಿ ಜೋಸೆಫ್ ಆಶರ್ ಆ ಕಚ್ಚಿನಲ್ಲಿ ಉಕ್ಕಿನ ಅಲಗಿಟ್ಟು ಹೊಡೆದರು. ಮೊದಲ ಏಟಿಗೆ ಮುರಿದದ್ದು ಅಲಗು! ಮತ್ತೆ ಹೊಡೆದಾಗ ಕಲ್ಲು ಅಂದುಕೊಂಡಂತೆಯೇ ಸೀಳಿತು. ಅವರು ಮೂರ್ಛೆ ಹೋದರು ಅನ್ನುವ ಕಥೆಯನ್ನು ನಂಬಬೇಡಿ, ಕುಟುಂಬದವರೇ ಅದನ್ನು ಅಲ್ಲಗಳೆದಿದ್ದಾರೆ.

ಕೊನೆಗೆ 9 ದೊಡ್ಡ ಹರಳು, 96 ಸಣ್ಣವು ಬಂದವು. ಮೂರರಲ್ಲಿ ಎರಡು ಪಾಲು ತೂಕ ಕತ್ತರಿಸಿ ಉಜ್ಜುವುದರಲ್ಲೇ ಹೋಯಿತು. ಅತಿ ದೊಡ್ಡದು 530 ಕ್ಯಾರೆಟ್‌ನದು, ಈಗ ಬ್ರಿಟನ್ ರಾಜದಂಡದಲ್ಲಿದೆ.